ಎರಡು ಸೇರಿಸು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ ಅಂತ ಶುರು ಮಾಡಬೇಕು, ಮಾಡಿದ್ದೇನೆ ಅಂದುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎತ್ತಿದ ಕೂಡಲೇ ನೀನು ಊಟ ಆಯ್ತಾ ಅಂತ ಕೇಳುತ್ತೀಯ, ಆಯ್ತು ಅನ್ನುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ, ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಇರುವ ಒಂದು ಮೇಜಿನ ಮೇಲೆ ರೂಮಿನ ಜೊತೆಗಾತಿ ಬಟ್ಟೆ ಒಣಹಾಕಿದ್ದಾಳೆ.

ಶುಕ್ರವಾರ ನನ್ನ ಮೂರನೇ ವರ್ಷದ ಪರಿಶೀಲನೆ. ಕಾಲೇಜಿನಿಂದ ಇಬ್ಬರು, ಕಾರ್ಖಾನೆಯಿಂದ ಒಬ್ಬರು ಕೂತು ನನ್ನ ಲಾಗ್‌ಬುಕ್ ನೋಡುತ್ತಾರೆ. ಒಪ್ಪಿದರೆ ಕೊನೆಯ ವರ್ಷ, ಆಮೇಲೆ ಡಿಗ್ರಿ, ಇಲ್ಲೇ ಕೆಲಸ. ಒಪ್ಪದಿದ್ದರೆ ಇನ್ನೊಂದು ವರ್ಷ ಇದೇ ಗಾಣ. ನೀನು ಬೀದಿಗೆಲ್ಲ ನನ್ನ ಮಗಳು ಓದ್ತಾನೇ ದುಡೀತಾಳೆ, ಬರೋ ವರ್ಷ ಇಂಜಿನಿಯರು ಅಂತ ಹೇಳಿಕೊಂಡು ಬಂದಿದ್ದೀಯಂತೆ, ತಮ್ಮ ಹೇಳಿದ. ಯಾಕಮ್ಮ ಹೇಳಿದೆ? ಸ್ವಲ್ಪ ತಡೆಯೋಕೆ ಆಗಲಿಲ್ವಾ?

ಓದ್ತಾನೇ ದುಡಿಯೋದು! ಕೇಳೋಕೆ ಎಷ್ಟು ಚೆನ್ನಾಗಿದೆ. ವಾರಕ್ಕೆ ನಾಲ್ಕು ದಿನ ಕಾರ್ಖಾನೆ, ಒಂದು ದಿನ ಕಾಲೇಜು. ಕಾಲೇಜಿನಲ್ಲಿ ದಿನಾ ಬರುವವರು ನನಗಿಟ್ಟ ಹೆಸರು ‘ಗ್ರೀಸು’. ಕಾರ್ಖಾನೆಯಲ್ಲಿ ‘ಪುಸ್ತಕ’. ಏ ಪುಸ್ತಕ, ಆ ಡಬ್ಬ ಎತ್ತಿಡು ಅಂತಾರೆ. ಅಲ್ಲೂ ಸಲ್ಲದ ಇಲ್ಲೂ ಸಲ್ಲದ ಎಡಬಿಡಂಗಿ ಆಗಿಹೋದೆ. ಮೊದಲ ಎಂಟು ತಿಂಗಳು ನನ್ನ ಕೈಗೆ ಕೊಟ್ಟ ಇಂಜಿನಿಯರಿಂಗ್ ಯಾವುದು ಗೊತ್ತಾ? ಪೊರಕೆ. ಕಬ್ಬಿಣದ ಚೂರು ಗುಡಿಸಬೇಕು, ಆಮೇಲೆ ಅದನ್ನೇ ಲಾಗ್‌ಬುಕ್ಕಿನಲ್ಲಿ ‘ಕೆಲಸದ ಸ್ಥಳದ ಸುರಕ್ಷತಾ ನಿರ್ವಹಣೆ’ ಅಂತ ಇನ್ನೂರು ಪದದಲ್ಲಿ ಬರೆಯಬೇಕು. ವಾರ ವಾರ ಬರೆದೆ. ಸೂಪರ್‌ವೈಸರ್ ಪ್ರತಿ ಪುಟಕ್ಕೂ ಸಹಿ ಹಾಕಿದರು, ಒಂದನ್ನೂ ಓದಲಿಲ್ಲ. ಒಂದು ವಾರ ಸಿಟ್ಟು ಬಂದು ಮಧ್ಯದಲ್ಲಿ ನಮ್ಮನೆ ಬೆಕ್ಕಿನ ಬಗ್ಗೆ ನಾಲ್ಕು ಸಾಲು ಸೇರಿಸಿದೆ. ಅದರ ಕೆಳಗೂ ‘ಉತ್ತಮ ಪ್ರಗತಿ’ ಅಂತ ಷರಾ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಮೂರು ವರ್ಷದ ಬರವಣಿಗೆ.

ನನ್ನ ಕೈಯಿಂದ ಪೊರಕೆ ಬಿಡಿಸಿದವರು ಲೇತ್ ಮಾಮ ಒಬ್ಬರೇ. ಲೇತ್ ಯಂತ್ರದಲ್ಲಿ ಮೂವತ್ತು ವರ್ಷದಿಂದ ಪಂಪಿನ ಶಾಫ್ಟು ಕಡೆಯುವವರು, ಇಡೀ ವಿಭಾಗಕ್ಕೆ ಮಾಮ. ಬಾ ಪುಸ್ತಕ, ಇದನ್ನೂ ಸ್ವಲ್ಪ ಓದು ಅಂತ ಕರೆದು ಯಂತ್ರದ ಹಿಡಿಕೆ ನನ್ನ ಕೈಗೆ ಕೊಟ್ಟರು. ನಾನು ಕಲಿತ ಕೆಲಸ ಅಂತ ಏನಾದರೂ ಇದ್ದರೆ ಅದು ಅವರ ಪಕ್ಕ ನಿಂತು ಕಲಿತದ್ದು.

ಪಾಪ, ಅವರ ಗ್ರಹಚಾರ ಈಗ ಸರಿಯಿಲ್ಲ. ಮೂರು ವಾರದ ಹಿಂದೆ ಅವರು ಎರಡು ದಿನದಲ್ಲಿ ಕಡೆದ ಅರವತ್ತೆರಡು ಶಾಫ್ಟು ಗುಜರಿಗೆ ಹೋದವು. ಶಾಫ್ಟಿನ ಮೇಲೆ ಯಂತ್ರದಿಂದ ಒತ್ತಿ ಕೂರಿಸಬೇಕಾದ ಬೇರಿಂಗು ಸಡಿಲ ಬಳೆಯ ಹಾಗೆ ಜಾರಿಕೊಂಡು ಹೋಯಿತು. ಅಳೆದು ನೋಡಿದರೆ ಎಲ್ಲವೂ ಒಂದೇ ಸಮ ಸಣ್ಣ, ಮಿಲಿಮೀಟರಿನ ನೂರರಲ್ಲಿ ಎರಡು ಪಾಲು. ದಪ್ಪ ಅಳೆಯುವ ಅವರ ಮೈಕ್ರೋಮೀಟರ್ ಹಳೆಯದು, ಯಾವಾಗಲೂ ಆ ಎರಡು ಪಾಲು ಕಡಿಮೆಯೇ ತೋರಿಸುತ್ತಿತ್ತು. ರಿಪೇರಿಗೆ ಕೊಟ್ಟರೆ ಆರು ವಾರ ಬರುವುದಿಲ್ಲ. ಅದಕ್ಕೇ ಡಬ್ಬಿಯ ಮೇಲೆ ‘ಎರಡು ಸೇರಿಸು’ ಅಂತ ಚೀಟಿ ಅಂಟಿಸಿಕೊಂಡು, ಮನಸ್ಸಿನಲ್ಲೇ ಸೇರಿಸಿಕೊಂಡು ಕೆಲಸ ಮಾಡುತ್ತಿದ್ದರು. ಇಲ್ಲಿ ಎಲ್ಲರೂ ಹಾಗೇ. ಯಾರೋ ಒಂದು ಬೆಳಿಗ್ಗೆ ಅದನ್ನು ಸರಿಯಾಗಿ ಸೊನ್ನೆಗೆ ತಿರುಗಿಸಿಟ್ಟಿದ್ದಾರೆ, ಮಾಮನಿಗೆ ಹೇಳಿಲ್ಲ, ಚೀಟಿಯನ್ನೂ ಕಿತ್ತಿಲ್ಲ. ಮಾಮ ಎಂದಿನ ಹಾಗೆ ಎರಡು ಸೇರಿಸಿದರು, ಇನ್ನೂ ಎರಡು ಪಾಲು ದಪ್ಪ ಇದೆ ಅಂದುಕೊಂಡು ಅಷ್ಟನ್ನೂ ಕಡೆದುಬಿಟ್ಟರು. ನೀನು ಯೂನಿಫಾರ್ಮ್ ಕತ್ತರಿಸುವವಳು, ನಿನಗೆ ಗೊತ್ತಾಗುತ್ತದೆ. ತುದಿ ಒಂದಿಂಚು ಹರಿದ ಟೇಪಿಗೆ ನಿನ್ನ ಕೈ ಒಗ್ಗಿರುವಾಗ, ಹೇಳದೆ ಕೇಳದೆ ಯಾರೋ ಅದೇ ಜಾಗದಲ್ಲಿ ಒಳ್ಳೆ ಟೇಪು ಇಟ್ಟುಹೋದರೆ?

ಯಾರೋ ಅಲ್ಲಮ್ಮ. ನಾನೇ.

ಅದರ ಹಿಂದಿನ ವಾರವಷ್ಟೇ ಕಾಲೇಜಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು, ಸೊನ್ನೆ ತಪ್ಪಿದ ಸಾಧನವನ್ನು ಕೈಯಲ್ಲಿ ಹಿಡಿಯಲೇಬಾರದು ಅಂತ. ನನಗೋ ಉತ್ಸಾಹ. ಸೋಮವಾರ ಎಲ್ಲರಿಗಿಂತ ಮುಂಚೆ ಬಂದು, ಪುಟ್ಟ ಸ್ಪ್ಯಾನರಿನಿಂದ ತಿರುಗಿಸಿ ಸರಿಮಾಡಿದೆ. ಮಾಮ ಬಂದ ಮೇಲೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳೋಣ ಅಂತ ಆಸೆ. ಅಷ್ಟರಲ್ಲಿ ಸ್ಟೋರಿಗೆ ಕಳಿಸಿದರು, ಎರಡು ದಿನ ಅಲ್ಲೇ ಪೆಟ್ಟಿಗೆ ಎಣಿಸುತ್ತಾ ಕೂತೆ, ಮರೆತೇಹೋಯಿತು. ಲಾಗ್‌ಬುಕ್ಕಿನಲ್ಲಿ ಬರೆಯೋದು ಮಾತ್ರ ಮರೆಯಲಿಲ್ಲ ನೋಡು! ಪುಟ ನೂರ ಹದಿನಾಲ್ಕು, ‘ಅಳತೆ ಸಾಧನದ ದೋಷ ಗುರುತಿಸಿ ಸ್ವಂತವಾಗಿ ನಿವಾರಿಸಿದೆ’. ಕೆಳಗೆ ಸಹಿ, ಉತ್ತಮ ಪ್ರಗತಿ.

ಶಾಫ್ಟು ಗುಜರಿಗೆ ಬಿದ್ದ ದಿನ ಸೂಪರ್‌ವೈಸರ್ ಎಲ್ಲರೆದುರು ಆ ಮೈಕ್ರೋಮೀಟರ್ ಪರೀಕ್ಷಿಸಿದರು. ಸೊನ್ನೆ ಸರಿಯಾಗಿತ್ತು. ಇದು ಯಾವಾಗ್ಲೂ ಎರಡು ಕಮ್ಮಿ ತೋರಿಸ್ತಿತ್ತಲ್ಲ ಸಾರ್ ಅಂದರು ಮಾಮ. ಚೀಟಿ ನೀನೇ ಅಂಟಿಸಿಕೊಂಡಿದ್ದಲ್ವಾ, ಕಣ್ಣು ಹೋಯ್ತು, ಈಗ ಮರೆವೂ ಶುರುವಾಯ್ತಾ ಅಂತ ಸೂಪರ್‌ವೈಸರ್ ನಕ್ಕರು. ಮಾಮ ಸುತ್ತ ನಿಂತವರ ಮುಖ ಒಂದೊಂದಾಗಿ ನೋಡಿದರು, ನನ್ನದನ್ನೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ಮರ್ಯಾದೆ ನನಗಿರಲಿಲ್ಲ. ಬೂಟಿನ ದಾರ ಕಟ್ಟಿಕೊಳ್ಳೋಕೆ ಬಗ್ಗಿದೆ.

ಅವತ್ತಿನಿಂದ ಅವರು ಪ್ಯಾಕಿಂಗಿನಲ್ಲಿದ್ದಾರೆ, ಪೆಟ್ಟಿಗೆಗೆ ಟೇಪು ಸುತ್ತುತ್ತಾರೆ. ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ. ಊಟದ ಹೊತ್ತಿನಲ್ಲಿ ಪೇಪರಿನ ಸಣ್ಣಕ್ಷರವನ್ನು ಹತ್ತಿರ ಹಿಡಿದು, ದೂರ ಹಿಡಿದು ಓದಿ ನೋಡುತ್ತಾರೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಒರೆಸಿದ್ದು ನಾನಲ್ಲ, ಸೂಪರ್‌ವೈಸರ್ ಒರೆಸುವಾಗ ಸುಮ್ಮನೆ ನಿಂತಿದ್ದೆ ಅಷ್ಟೇ, ಅಂತ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ. ಆ ಸಿಟ್ಟನ್ನೆಲ್ಲ ಕಾಲೇಜಿನ ಮೇಲೆ, ಪೊರಕೆಯ ಮೇಲೆ, ಜೊತೆಗಾತಿಯ ಬಟ್ಟೆಯ ಮೇಲೆ ಹಾಕುತ್ತಿದ್ದೇನೆ. ಈ ಕಾಗದದಲ್ಲೂ ಅದನ್ನೇ ಮಾಡಿದೆ, ನೋಡಿದೆಯಲ್ಲ.

ಹೇಳಿಬಿಡುತ್ತೇನೆ ಅಮ್ಮ, ಖಂಡಿತ. ಆದರೆ ಶುಕ್ರವಾರ ಮುಗಿಯಲಿ. ಮೊದಲೇ ಹೇಳಿದರೆ ಹೇಳದೆ ಸಾಧನ ಮುಟ್ಟಿದವಳು ಅಂತ ವರ್ಷ ಹೋಗುತ್ತದೆ. ಸಹಿ ಬೀಳಲಿ, ಶನಿವಾರ ಬೆಳಿಗ್ಗೆಯೇ ಮಾಮನ ಮನೆಗೆ ಹೋಗುತ್ತೇನೆ. ಮೂರು ವಾರ ತಡೆದಿದ್ದಾರೆ, ಇನ್ನು ಐದು ದಿನ ತಾನೇ? ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡಿ ‘ಹಾಗೇ ಮಾಡು’ ಅಂತ ಒಂದು ಮಾತು ಹೇಳು. ಬೇರೇನೂ ಕೇಳಬೇಡ, ಊಟ ಆಗಿದೆ.

ಇಂತಿ, ಯಾರ ಮಾತೂ ಕೇಳದ
ನಿನ್ನ ಮೊಂಡಿ ಮಗಳು

ತಾ.ಕ. ಬುಧವಾರ. ಇದನ್ನು ಅಂಚೆಗೆ ಹಾಕಲಿಲ್ಲ. ಸೋಮವಾರ ಮತ್ತೆ ಓದಿದೆ, ‘ಐದು ದಿನ ತಾನೇ’ ಅನ್ನುವಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಿನ್ನೆ ಸೂಪರ್‌ವೈಸರ್ ಮುಂದೆ ನೂರ ಹದಿನಾಲ್ಕನೇ ಪುಟ ಬಿಚ್ಚಿ ಓದಿಸಿದೆ. ತಮ್ಮದೇ ಸಹಿ ನೋಡಿ ಬೆವರಿದರು, ಆಮೇಲೆ ಕೂಗಾಡಿದರು. ಶುಕ್ರವಾರ ನನಗೆ ಪರಿಶೀಲನೆ ಇಲ್ಲ, ಮೂರನೇ ವರ್ಷ ಇನ್ನೊಂದು ಸಲ. ಬೀದಿಯವರಿಗೆ ಏನು ಹೇಳುತ್ತೀಯೋ ಹೇಳು, ನಿಜ ಹೇಳಿದರೂ ನನಗೆ ಬೇಜಾರಿಲ್ಲ.

ಮಾಮನಿಗೆ ಪ್ಯಾಕಿಂಗಿಗೆ ಹೋಗಿ ನಾನೇ ಹೇಳಿದೆ. ನಾಳೆಯಿಂದ ಅವರು ವಾಪಸ್ ಲೇತಿಗೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮೂರು ವಾರದಿಂದ ದಿನಾ ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಲೋಟದ ತುಂಬ ನೀರು ಹಿಡಿದು, ಕೈ ನಡುಗುತ್ತದಾ ಅಂತ ನೋಡಿಕೊಳ್ಳುತ್ತಿದ್ದರಂತೆ. ಒಂದು ದಿನಾನೂ ಒಂದು ತೊಟ್ಟು ಚೆಲ್ಲಲಿಲ್ಲ ಪುಸ್ತಕ, ಆದ್ರೂ ನಾನು ಆ ಸೂಪರ್‌ವೈಸರ್ ಮಾತನ್ನೇ ನಂಬಿದೆ ಅಂದರು.