ಸರಿಯಾದ ಉತ್ತರವನ್ನು ತಪ್ಪೆಂದೆ

ಮನೆಯಿಂದ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ನನ್ನ ಹಾಗೆ ನಾಳೆ ನಾಳೆ ಎಂದು ಮುಂದೂಡುತ್ತಿದ್ದೀಯೋ? ಕಣ್ಣಿನ ಆಪರೇಷನ್ ಆದ ಮೇಲೆ ಭಾವ ಪೇಪರ್ ಓದುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ನಾವೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಕೈ ಬರುತ್ತಿಲ್ಲ. ತಲೆ ಕೆಟ್ಟುಹೋಗಿದೆ.

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಹೊರಡುವ ವೇಳೆ ಕೂಗಿಕೊಂಡಿದ್ದ ನನ್ನಿಂದ ಹಟ ಹಿಡಿದು ರೇಡಿಯೋಗೆ ಅರ್ಜಿ ಹಾಕಿಸಿದವಳು ನೀನೇ. ಅಲ್ಲಿಂದ ಟೀವಿಗೆ ಬಂದೆ. ಇಪ್ಪತ್ತಮೂರು ವರ್ಷ ಒಂದೇ ಕ್ವಿಜ್ ನಡೆಸಿದೆ. ಸ್ಪರ್ಧಿಗಳು ಗಾಬರಿಯಾಗಿದ್ದರೆ ನೀರು ಕೊಟ್ಟು, ಮನೆಮಂದಿಯನ್ನು ವಿಚಾರಿಸಿ, ಆಮೇಲೆ ಪ್ರಶ್ನೆಗೆ ಬರುತ್ತಿದ್ದೆ. ಹೋದ ವರ್ಷ ಬಂದ ಹೊಸ ನಿರ್ದೇಶಕನಿಗೆ ಅದೆಲ್ಲ ಬರೀ ಕಾಲಹರಣ. "ಸೋತವರು ಅಳೋವರೆಗೂ ಸುಮ್ನಿರಿ ಸಾರ್, ಕ್ಯಾಮೆರಾ ಹತ್ರ ಹೋಗ್ಲಿ" ಎನ್ನುತ್ತಾನೆ. ಹಲ್ಲು ಕಚ್ಚಿಕೊಂಡು ಸಹಿಸಿದೆ.

ಹೋದ ಗುರುವಾರ ಕೊನೆಯ ಸುತ್ತಿಗೆ ಬಂದವಳು ಒಬ್ಬ ಟೈಲರಮ್ಮ. ಹೊಲಿಗೆ ಮೆಷಿನ್ನಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡೇ ಎರಡು ವರ್ಷ ಓದಿದ್ದಳಂತೆ. ಅತಿ ಹೆಚ್ಚು ಬಿಸಿಯಿರುವ ಗ್ರಹ ಯಾವುದೆಂದು ಕೇಳಿದೆ. "ಶುಕ್ರ ಸಾರ್. ಸೂರ್ಯನಿಗೆ ಹತ್ರ ಇರೋದು ಬುಧ, ಆದ್ರೆ ಬಿಸಿ ಜಾಸ್ತಿ ಶುಕ್ರನಲ್ಲೇ" ಎಂದಳು. ಅವಳು ಹೇಳಿದ್ದೇ ಸರಿ. ನನ್ನ ಕೈಯಲ್ಲಿದ್ದ ಕಾರ್ಡಿನಲ್ಲಿ ಮಾತ್ರ ಬುಧ ಎಂದಿತ್ತು. ಕಿವಿಯೊಳಗಿನ ಯಂತ್ರದಲ್ಲಿ ನಿರ್ದೇಶಕನ ದನಿ: "ಕಾರ್ಡಲ್ಲಿ ಇರೋದನ್ನ ಹೇಳಿ ಸಾರ್." ಹೇಳಿಬಿಟ್ಟೆ, ಅಕ್ಕಾ. ತಪ್ಪು ಉತ್ತರ ಎಂದೆ. ಅವಳು ಅಳಲಿಲ್ಲ. "ಸರಿಯಾಗೇ ಓದಿದ್ದೆನಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಚೆನ್ನಾಗಿ ಆಡಿದಿರಿ ಎಂದು ಕೈಮುಗಿದೆ; ಅವಳೂ ಕೈಮುಗಿದು ವೇದಿಕೆಯ ಮೆಟ್ಟಿಲಿಳಿದಳು.

ಚಿತ್ರೀಕರಣ ಮುಗಿದದ್ದೇ ನಿರ್ದೇಶಕನ ಕೋಣೆಗೆ ಹೋಗಿ, ಅವಳನ್ನು ವಾಪಸ್ ಕರೆಸಿ ಎಂದೆ. "ಒಂದು ತಪ್ಪು ಒಪ್ಪಿಕೊಂಡ್ರೆ ಜನ ಹಳೇದೆಲ್ಲ ಕೆದಕ್ತಾರೆ" ಎಂದ. ಮೇಲಿನವರಿಗೆ ಪತ್ರ ಬರೆದೆ, ಉತ್ತರವಿಲ್ಲ. ಶನಿವಾರ ಮುಂದಿನ ಕಂತಿನ ಚಿತ್ರೀಕರಣದಲ್ಲಿ ಪ್ರೇಕ್ಷಕರ ಎದುರಿಗೇ "ಟೈಲರಮ್ಮ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಮೈಕ್ ಆರಿಸಿದರು. ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದೆ. ಮೂರನೆಯ ಸಾಲಿನವರೆಗೆ ಕೇಳಿಸಿರಬಹುದು. ಗೇಟಿನಲ್ಲಿ ನನ್ನ ಪಾಸು ಕಿತ್ತುಕೊಂಡರು. ಇಷ್ಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಗುರುವಾರವೇ ಬಾಯಿ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ನನ್ನ ಮೇಲೇ ನನಗೆ ಸಿಟ್ಟು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಮ್ಮ

ತಾ.ಕ.: ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ನಮ್ಮ ಕಾರ್ಯಕ್ರಮದ ಎಡಿಟರ್ ಈಗಷ್ಟೇ ಗುಟ್ಟಾಗಿ ಫೋನ್ ಮಾಡಿದ್ದ. ಈ ಬರುವ ಭಾನುವಾರ ಪ್ರಸಾರವಾಗುವ ಕಂತಿನಲ್ಲಿ ಟೈಲರಮ್ಮ ಸೋತ ಕೂಡಲೇ ನಾನು ನಗುವಂತೆ ಜೋಡಿಸಿದ್ದಾರಂತೆ. ಆ ನಗು ಎಂದೋ ಬೇರೆ ದಿನದ್ದು. ಹೇಳಿಬಿಡೋಣವೆಂದು ಅವಳಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಭಾನುವಾರ ನೋಡ್ತೀವಿ ಸಾರ್, ಬೀದಿಯವರನ್ನೆಲ್ಲ ಮನೆಗೆ ಕರೆದಿದೀನಿ. ಸೋತರೂ ನೀವು ಮರ್ಯಾದೆಯಾಗಿ ಮಾತಾಡಿಸಿದ್ರಲ್ಲ, ಅದನ್ನ ಮಗಳು ನೋಡ್ಲಿ" ಎಂದಳು. ನನಗೆ ಹೇಳಲಾಗಲಿಲ್ಲ. ಅವಳ ನಂಬರ್ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಭಾನುವಾರದೊಳಗೆ ನೀನಾದರೂ ಹೇಳು.