ಒಂದು ಗೇಟು, ಎರಡು ಹುಕುಂ

ಅಕ್ಕನಿಗೆ ತಮ್ಮನ ನಮಸ್ಕಾರ. ಹುಷಾರಾಗಿ ತಲುಪಿದೆ. ನಮ್ಮ ಕೇಂದ್ರದ ಪಡೆಯನ್ನು ಈ ರಾಜ್ಯದ ವಿಧಾನಸಭೆಯ ಗೇಟಿಗೆ ಹಾಕಿದ್ದಾರೆ. ಒಳಗೆ ಇಲ್ಲಿನ ರಾಜ್ಯ ಪೊಲೀಸರು, ಹೊರಗೆ ನಾವು. ನಿನ್ನೆ ಬೆಳಿಗ್ಗೆ ಒಳಗಿದ್ದ ದಪ್ಪ ಮೀಸೆಯ ದಫೇದಾರರು ಸರಳುಗಳ ನಡುವೆಯೇ ನನಗೆ ಟೀ ಕೊಟ್ಟು, ಮನೆಯವರನ್ನೆಲ್ಲ ವಿಚಾರಿಸಿದರು. ಅಷ್ಟರಲ್ಲಿ ರಾಜ್ಯ ಸರ್ಕಾರವನ್ನು ಕೇಂದ್ರ ವಜಾ ಮಾಡಿದ ಸುದ್ದಿ ಬಂತು. ಶಾಸಕರು ಸಭೆ ಸೇರಲು ಓಡಿ ಬಂದರು. ಗೇಟು ತೆರೆಯಿರಿ ಎಂದು ದಫೇದಾರರಿಗೆ ಹುಕುಂ, ಮುಚ್ಚಿ ಎಂದು ನಮಗೆ.

"ಪೊಲೀಸು ರಾಜ್ಯದ್ದು ಅಂತ ಸಂವಿಧಾನದಲ್ಲೇ ಇದೆ ಸಾರ್," ಎಂದರು ದಫೇದಾರರು, ಗೇಟನ್ನು ಹೊರಕ್ಕೆ ನೂಕುತ್ತಾ.

"ಸರ್ಕಾರ ತೆಗೆಯೋದೂ ಅದರಲ್ಲೇ ಇದೆ ಕಣಯ್ಯಾ. ತಳ್ರೋ!" ಎಂದರು ನಮ್ಮ ಸಾಹೇಬರು.

ನಾವೆಲ್ಲ ಮೈಭಾರ ಬಿಟ್ಟು ತಳ್ಳಿದೆವು. ದಫೇದಾರರ ಬಲಗೈ ಗೇಟಿನ ಸಂದಿಗೆ ಸಿಕ್ಕಿತು. "ಬಿಡ್ರಪ್ಪಾ, ಕೈ, ಕೈ!" ಎಂದು ಅವರು ಕೂಗಿದ್ದು ನನಗೆ ಕೇಳಿಸಿತು. ಹಿಂದಿನವರು ನನ್ನನ್ನೂ ಸೇರಿಸಿ ತಳ್ಳುತ್ತಲೇ ಇದ್ದರು. ಬೆರಳುಗಳು ಜಜ್ಜಿಹೋದವು.

ನೀರು ಒಗ್ಗದೆ ನನ್ನ ಹೊಟ್ಟೆ ಕೆಟ್ಟಿದೆ. ಮಾತ್ರೆ ಕೊಟ್ಟಿದ್ದಾರೆ, ಗಾಬರಿಯಾಗಬೇಡ. ಅಪ್ಪನಿಗೆ ಬರೀ ಹೊಟ್ಟೆಯ ವಿಷಯ ಹೇಳು, ಸಾಕು.

ಇವತ್ತಿನಿಂದ ಇಲ್ಲಿನ ಪೊಲೀಸರೂ ನಮ್ಮ ಸಾಹೇಬರ ಕೈಕೆಳಗೆ. ದಫೇದಾರರು ಬ್ಯಾಂಡೇಜು ಸುತ್ತಿಕೊಂಡೇ ಕೆಲಸಕ್ಕೆ ಬಂದು, ಎಡಗೈಯಲ್ಲಿ ಸೆಲ್ಯೂಟ್ ಹೊಡೆದರು.

"ಇದ್ಯಾವ ಸೆಲ್ಯೂಟಯ್ಯಾ?" ಎಂದು ಸಾಹೇಬರು ಗದರಿದರು.

ದಫೇದಾರರು ಬ್ಯಾಂಡೇಜಿನ ಕೈಯನ್ನೇ ಹಣೆಗೆತ್ತಿದರು. ನನ್ನ ಕಡೆ ನೋಡಲಿಲ್ಲ.

ವಿಸಿಲ್ ಊದುತ್ತಿದ್ದಾರೆ, ಓಡಬೇಕು.

ನಿನ್ನ ತಮ್ಮ