ಮುಕ್ಕಾಲು ಬಟ್ಟಲು ಸೂಪು

ಹಡಗಿನ ಊಟದ ಕೋಣೆ, ಕಿಟಕಿ ಪಕ್ಕದ ಮೇಜು
ಮೇ ೧೪, ಬುಧವಾರ ಬೆಳಗ್ಗೆ

ಪ್ರೀತಿಯ ಯಜಮಾನರಿಗೆ,

ಮಂಡಿ ನೋವು ಹೇಗಿದೆ? ಬಿ.ಪಿ. ಮಾತ್ರೆ ನುಂಗುತ್ತಿದ್ದೀರಾ, ಇಲ್ಲ ನಾನಿಲ್ಲವೆಂದು ಅದಕ್ಕೂ ರಜೆ ಕೊಟ್ಟಿದ್ದೀರಾ? ಮೂವತ್ತು ವರ್ಷ ಇದೇ ಹಡಗಿನಲ್ಲಿ ನೂರಾರು ಜನಕ್ಕೆ ಬೇಯಿಸಿ ಹಾಕಿದವರು, ನಿಮ್ಮೊಬ್ಬರಿಗೆ ಒಲೆ ಹಚ್ಚಲು ಸೋಮಾರಿತನ ಮಾಡುತ್ತೀರಿ, ನನಗೆ ಗೊತ್ತು. ನಾನಂತೂ ಚೆನ್ನಾಗಿದ್ದೇನೆ. ಮೂರೇ ದಿನಕ್ಕೆ ಉಟ್ಟ ಬಟ್ಟೆ ಬಿಗಿಯಾಗುತ್ತಿದೆ.

ನಿನ್ನೆ ಮಧ್ಯಾಹ್ನ ಬಟಾಣಿ ಸೂಪು, ಹುರಿದ ಮೀನು, ಕೊನೆಗೆ ಸೇಬಿನ ಪುಡಿಂಗ್. ಸೂಪು ಬಟ್ಟಲಿನ ಮುಕ್ಕಾಲು ಭಾಗವಷ್ಟೇ ಇತ್ತು, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಇದೆಂಥ ಜಿಪುಣತನ ಎಂದು ಪಕ್ಕದ ಮೇಜಿನ ಹೆಂಗಸು ಮುಖ ಸಿಂಡರಿಸಿದಳು. ನನಗೆ ಮಾತ್ರ ಕಣ್ಣು ತುಂಬಿ ಬಂತು. ನಮ್ಮ ಮನೆಯ ನೆಲ ಯಾವತ್ತೂ ಅಲುಗಾಡಲಿಲ್ಲ, ಆದರೂ ನೀವು ಮೇಜಿಗೆ ಒದ್ದೆ ಬಟ್ಟೆ ಹಾಸಿ ಮುಕ್ಕಾಲೇ ಬಡಿಸುತ್ತಿದ್ದಿರಿ. ಊಟಕ್ಕೆ ಬಂದ ನನ್ನಣ್ಣ, ಇವರು ಹೊಟ್ಟೆ ತುಂಬ ಇಕ್ಕುವುದಿಲ್ಲ ಎಂದು ವರ್ಷವಿಡೀ ಮುನಿಸಿಕೊಂಡಿದ್ದ. ಮಗಳಂತೂ ಗೊಂಬೆಗಳಿಗೂ ಒದ್ದೆ ಕರ್ಚೀಫು ಹಾಸಿಯೇ ಬಡಿಸುತ್ತಿದ್ದಳು, ನೆನಪಿದೆಯೇ? ಅಷ್ಟರಲ್ಲಿ ನದಿಯ ದೊಡ್ಡ ತಿರುವು ಬಂತು, ಹಡಗು ವಾಲಿತು. ಸೂಪು ಬಟ್ಟಲಿನ ಅಂಚಿನವರೆಗೆ ಬಂದು ನಿಂತಿತು, ಒಂದು ಹನಿಯೂ ಚೆಲ್ಲಲಿಲ್ಲ. ಆ ಹೆಂಗಸು ತಟ್ಟೆ ಎತ್ತಿ ಕೆಳಗಿನ ಒದ್ದೆ ಬಟ್ಟೆಯನ್ನು ಮುಟ್ಟಿ ನೋಡಿದಳು. ನನಗೆಷ್ಟು ಹೆಮ್ಮೆಯೆನಿಸಿತು ಅಂತೀರಿ!

ನೀವು ಮನೆಗೆ ಬಂದಾಗಲೆಲ್ಲ, ದಾರಿಯಲ್ಲಿ ಏನೇನು ನೋಡಿದಿರಿ ಎಂದು ಕೇಳುತ್ತಿದ್ದೆ. “ಸೂಪು ನೋಡಿದೆ ಕಣೇ. ಎಡಕ್ಕೆ ವಾಲಿತು, ತಿರುವು ಬಂತು ಅಂತ ಗೊತ್ತಾಯ್ತು” ಎನ್ನುತ್ತಿದ್ದಿರಿ. ಕೆಳಗಿನ ಆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ನಿಮಗೆ ನದಿಯೆಂದರೆ ಅಷ್ಟೇ. ಆ ತಿರುವಿನಲ್ಲಿ ಹಳದಿ ಬಾಗಿಲಿನ ಒಂದು ಮನೆ ಇದೆ. ಮೆಟ್ಟಿಲ ಮೇಲೆ ಕೂತ ಮುದುಕಿ ನಮಗೆಲ್ಲ ಕೈ ಬೀಸಿದಳು. ನೀವು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಬೀಸುತ್ತಿದ್ದಾಳಂತೆ. ನೀವು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಸಂಕಟವಾಯಿತು.

ಸೂಪು ಮಾಡಿದ್ದು ನಿಮ್ಮ ಮಗಳೇ. ಇಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತೇನೆಂದು ಅವಳು ಹೇಳಿದ ದಿನ “ನಾನು ಬೆಂದಿದ್ದು ಸಾಲದಾ, ನೀನೂ ಬೇಯಬೇಕಾ?” ಎಂದು ರೇಗಿದಿರಿ. ಅವಳ ಹತ್ತಿರ ಮಾತು ಬಿಟ್ಟು ಎರಡು ವರ್ಷವಾಯಿತು. ಅವಳಿಗೂ ನಿಮ್ಮದೇ ಹಟ, ನಾನು ಯಾರನ್ನಂತ ಬೈಯಲಿ? ಆದರೆ ನಾನು ಹಡಗು ಹತ್ತಿದ ಕೂಡಲೇ ಅವಳು ಕೇಳಿದ್ದು “ಅಪ್ಪ ಮಾತ್ರೆ ತಗೋತಿದ್ದಾರಾ?” ಅಂತ.

ಪಕ್ಕದ ಮನೆಯ ಟೈಲರಮ್ಮನಿಗೆ ನನ್ನ ನೆನಪು ತಿಳಿಸಿ. ದೇವರು ನಿಮ್ಮ ಮಂಡಿಯನ್ನೂ ಕೋಪವನ್ನೂ ಸ್ವಲ್ಪ ಸಡಿಲಿಸಲಿ.

ನೀವು ‘ವಟವಟ’ ಎಂದು ಕರೆಯುವ,
ನಿಮ್ಮವಳು

ಒಂದು ಮಾತು ಮರೆತಿದ್ದೆ. ಮುಂದಿನ ಹಡಗುಕಟ್ಟೆ ಬಂತು, ಪತ್ರ ಅಲ್ಲೇ ಅಂಚೆಗೆ ಹಾಕಬೇಕು. ಕೆಲಸಕ್ಕೆ ಸೇರುವ ಮುಂಚೆಯೇ ಮಗಳು ಮಾಲೀಕರ ಹತ್ತಿರ ಹಟ ಹಿಡಿದು ಅಡುಗೆಮನೆಗೆ ಕಿಟಕಿ ಇಡಿಸಿದ್ದಾಳೆ, ಒಲೆಯ ಎದುರಿಗೇ. ಅದರ ಪಕ್ಕ ಒಂದು ಸ್ಟೂಲು. ಯಾರು ಕೂತರೂ “ಅದು ಅಪ್ಪಂದು” ಎಂದು ಎಬ್ಬಿಸುತ್ತಾಳೆ, ನನ್ನನ್ನೂ ಎಬ್ಬಿಸಿದಳು. ಭಾನುವಾರ ಹತ್ತು ಗಂಟೆಗೆ ನಮ್ಮೂರ ಕಟ್ಟೆಗೆ ಬರುತ್ತೇವೆ. ನನ್ನನ್ನು ಇಳಿಸಿಕೊಂಡು ಹೋಗಲು ಬರಬೇಡಿ. ಹತ್ತಲು ಬನ್ನಿ.